ದೊರೆಯ ಹೊಟ್ಟೆಯ ಕೂದಲು

ಜನವರಿ 11

ಪ್ರೀತಿಯ ಅತ್ತಿಗೆ,

ಈ ಸಲ ಹರಟೆ ಇಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಿದರೆ ನಿಮಗೆ ಕಿವಿ ಕೇಳಿಸುವುದಿಲ್ಲ, ನಾನು ಕೂಗಿ ಹೇಳಿದರೆ ಜಗಳ ಆಡಿದ ಹಾಗಿರುತ್ತದೆ. ಅದಕ್ಕೇ ಈ ಕಾಗದ.

ಭಾನುವಾರ ನಮ್ಮ ಬೆಕ್ಕು ಹತ್ತಿಗೆ ಸ್ನಾನ ಮಾಡಿಸಿದೆ. ಒಣಗಿದ್ದಾಗ ಅವಳು ದಿಂಬಿನಷ್ಟು ದಪ್ಪ ಕಾಣುತ್ತಾಳೆ, ನಿಮಗೆ ಗೊತ್ತೇ ಇದೆ. ಮೈಮೇಲೆ ನೀರು ಸುರಿದ ಮೇಲೆ ನನ್ನ ಕೈಗೆ ಸಿಕ್ಕಿದ್ದು ಬರೀ ಬೆನ್ನುಮೂಳೆ. ಅಷ್ಟು ಉದ್ದದ ಕೂದಲಿನ ಕೆಳಗೆ ಬೆಕ್ಕು ಯಾವಾಗ ಕರಗಿತೋ ನನಗೆ ತಿಳಿಯಲೇ ಇಲ್ಲ. ಒಂದೂವರೆ ತಿಂಗಳಿಂದ ಅಡುಗೆಮನೆಯ ನಲ್ಲಿ ತಿರುಗಿಸಿದ ಕೂಡಲೇ ಓಡಿ ಬಂದು ಬಾಯಿ ಒಡ್ಡುತ್ತಿದ್ದಳು. ಆಟ ಅಂದುಕೊಂಡು ನಗುತ್ತಿದ್ದೆ, ಅತ್ತಿಗೆ. ನನ್ನ ಬುದ್ಧಿಗೆ ಏನು ಹೇಳಲಿ.

ಬೆಕ್ಕಿನ ಡಾಕ್ಟರು ಹೊಟ್ಟೆಯ ಕೂದಲನ್ನೆಲ್ಲ ಬೋಳಿಸಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಎರಡೂ ಮೂತ್ರಪಿಂಡಗಳಲ್ಲಿ ಕಪ್ಪು ಕಪ್ಪು ಗುಂಡುಗಳು, ಒಂದರ ಪಕ್ಕ ಒಂದು. ಅವೆಲ್ಲ ನೀರುಗುಳ್ಳೆಗಳಂತೆ. "ಇದು ಈಗ ಅಂಟಿಕೊಂಡಿದ್ದಲ್ಲ, ಹುಟ್ಟೋವಾಗ್ಲೇ ತಂದಿರೋದು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದೇ ಇರುತ್ತೆ. ಇದ್ದವರ ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತೆ" ಎಂದರು. ವಾಸಿಯಾಗುವ ಕಾಯಿಲೆ ಅಲ್ಲ. ಚರ್ಮದ ಕೆಳಗೆ ನೀರು ಏರಿಸುತ್ತಾ, ಪಥ್ಯದ ಊಟ ಹಾಕುತ್ತಾ ದಿನ ತಳ್ಳಬೇಕು.

ಹತ್ತಿಯ ತಾಯಿ ಮಂಜಿ ನಿಮ್ಮ ಮನೆಯಲ್ಲೇ ಹದಿನಾರು ವರ್ಷ ಬದುಕಿ ಮುದಿತನದಿಂದ ಹೋದಳು. ಉಳಿದದ್ದು ಅಪ್ಪ, ತೀರಿಹೋದ ನಿಮ್ಮ ದೊರೆ. ದೊರೆಯ ಮಗ ಯುವರಾಜನನ್ನು ಮಾರ್ಚ್ 28ಕ್ಕೆ ಆ ಸಾಕಣೆಗಾರ ದಂಪತಿಗೆ ಒಂದು ವರ್ಷದ ಮಟ್ಟಿಗೆ ಕಳಿಸುತ್ತಿದ್ದೀರಿ. ಅಲ್ಲಿ ಹನ್ನೊಂದು ಹೆಣ್ಣು ಬೆಕ್ಕು ಅವನಿಗಾಗಿ ಕಾದಿವೆ ಎಂದು ನೀವೇ ಬರೆದಿದ್ದಿರಿ. ದೊರೆಗೆ ಈ ಪರೀಕ್ಷೆ ಆಗಿತ್ತೇ? ಬೆಕ್ಕುಗಳ ಬಗ್ಗೆ ಅಣ್ಣ ಬರೆದಿಡುತ್ತಿದ್ದ ಪುಸ್ತಕದಲ್ಲಿ ನೋಡಿ, ದಯವಿಟ್ಟು ಬೇಗ ಬರೆಯಿರಿ.

ನಿಮ್ಮ,
ಚೂಟಿ


ಜನವರಿ 20

ಚೂಟಿ,

ನಿನ್ನ ಕಾಗದ ಪಾರ್ಲರಿನಲ್ಲಿ ಒಬ್ಬ ಹೆಂಗಸಿನ ತಲೆಗೆ ಬಣ್ಣ ಹಚ್ಚುತ್ತಿದ್ದಾಗ ಬಂತು. ಎಂದಿನಂತೆ ಲಕೋಟೆಯ ಅಂಟಿನಲ್ಲಿ ಹತ್ತಿಯ ನಾಲ್ಕು ಬಿಳಿ ಕೂದಲು. ಅವಳು ನಿನ್ನ ಮೇಜಿನ ಮೇಲೆ ಕೂತಿರುವಾಗ ಲಕೋಟೆ ಅಂಟಿಸಬೇಡ ಎಂದು ಎಷ್ಟು ಸಲ ಹೇಳಿದರೂ ನಿನಗೆ ತಲೆಗೆ ಹೋಗುವುದಿಲ್ಲ. ಅದೇ ಕೂದಲು ನಿನ್ನ ಬಟ್ಟೆಯಿಂದ ಗಾಜಿನ ಮೇಲೂ ಕೂರುತ್ತದೆ ಎಂದು ನಿನ್ನ ಕನ್ನಡಕದ ಕಾರ್ಖಾನೆಯ ಮೇಸ್ತ್ರಿ ಬೈಯುವುದರಲ್ಲಿ ತಪ್ಪೇನಿಲ್ಲ.

ಹತ್ತಿಯ ವಿಷಯ ಓದಿ ಬೇಜಾರಾಯಿತು. ಆದರೆ ಬೇಜಾರಿನಲ್ಲಿ ಬಾಯಿಗೆ ಬಂದದ್ದು ಬರೆಯಬಾರದು. ದೊರೆಗೆ ಎರಡು ವರ್ಷವಿದ್ದಾಗಲೇ ಸ್ಕ್ಯಾನ್ ಆಗಿದೆ. ನಿಮ್ಮಣ್ಣನ ಕೈಬರಹದಲ್ಲೇ ಇದೆ, ಆ ಪುಟದ ಜೆರಾಕ್ಸ್ ಇಟ್ಟಿದ್ದೇನೆ, ನೋಡಿಕೋ: "ಮೂತ್ರಪಿಂಡ ಸ್ವಚ್ಛ." ಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದ ಮನುಷ್ಯ, ಒಂದು ಮರಿಯ ಮೂಗಿನ ಮೇಲಿನ ಮಚ್ಚೆಯನ್ನೂ ಬಿಡದೆ ಬರೆದಿಟ್ಟವರು. ಅವರು ಹೋಗಿ ಮೂರು ವರ್ಷಕ್ಕೆ ಅವರ ಪುಸ್ತಕದ ಮೇಲೆ ಅನುಮಾನ ಬಂತೇ ನಿನಗೆ?

ನಿನ್ನ ಊರಿನ ನೀರು ಗಡುಸು. ನೀನು ಅವಳಿಗೆ ಹಾಕುವ ಒಣ ಆಹಾರದ ಬಗ್ಗೆ ಮೊದಲಿನಿಂದಲೂ ಹೇಳುತ್ತಿದ್ದೇನೆ. ಆ ಡಾಕ್ಟರು ಚಿಕ್ಕ ವಯಸ್ಸಿನವರು ಅನ್ನಿಸುತ್ತದೆ. ಬೇರೆ ಇನ್ನೊಬ್ಬರಿಗೆ ತೋರಿಸು.

ಯುವರಾಜ ಚೆನ್ನಾಗಿದ್ದಾನೆ. ಅವನ ಪ್ರಯಾಣದ ಪೆಟ್ಟಿಗೆಗೆ ಹೊಸ ಹಾಸಿಗೆ ಹೊಲಿಸಿದ್ದೇನೆ.

ಅತ್ತಿಗೆ


ಜನವರಿ 29

ಪ್ರೀತಿಯ ಅತ್ತಿಗೆ,

ಇನ್ನೊಬ್ಬರಿಗೂ ತೋರಿಸಿದೆ. ವಯಸ್ಸಾದವರೇ, ತಲೆ ಪೂರ್ತಿ ನೆರೆತಿದೆ. ಅದನ್ನೇ ಹೇಳಿದರು. ಹತ್ತಿ ಈಗ ದಿನಕ್ಕೆ ಮೂರು ಚಮಚ ತಿನ್ನುತ್ತಾಳೆ. ದಿನ ಬಿಟ್ಟು ದಿನ ಸೂಜಿ. ಸೂಜಿ ಚುಚ್ಚುವಾಗ ನನ್ನ ಮೊಣಕೈಯೊಳಗೆ ಮುಖ ಹುದುಗಿಸಿಕೊಂಡು ಸುಮ್ಮನಿರುತ್ತಾಳೆ. ಕಚ್ಚಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಜೆರಾಕ್ಸ್ ನೋಡಿದೆ. ಅಣ್ಣನ ಅಕ್ಷರವೇ, ಅನುಮಾನವಿಲ್ಲ. ಅದನ್ನು ಈ ಹಿರಿಯ ಡಾಕ್ಟರಿಗೂ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು. "ಆ ಗಂಡು ಬೆಕ್ಕಿನ ಹೊಟ್ಟೆ ಬೋಳಿಸಿದ್ರಾ? ಪ್ರದರ್ಶನಕ್ಕೆ ಹೋಗೋ ಬೆಕ್ಕಿನವರು ಬಿಡಲ್ಲ ನೋಡಿ. ಕೂದಲು ಹಾಳಾಗುತ್ತೆ ಅಂತ ಮೇಲ್ಮೇಲೇ ನೋಡಿಸ್ಕೊಂಡು ಹೋಗ್ತಾರೆ. ಅಷ್ಟು ಕೂದಲಿದ್ರೆ ಒಳಗಿರೋದು ಎಲ್ಲಿ ಕಾಣುತ್ತೆ?"

ಬೋಳಿಸಿದ್ದರೇ, ಅತ್ತಿಗೆ? ಇದೊಂದನ್ನು ಹೇಳಿ.

ಯುವರಾಜನ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಲ್ಯಾಬಿಗೆ ಕಳಿಸುವ ಪರೀಕ್ಷೆಯೂ ಉಂಟಂತೆ. ಆದರೆ ಉತ್ತರ ಬರಲು ಎರಡು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಅವನು ಹೊರಟುಬಿಟ್ಟಿರುತ್ತಾನೆ. ಹೊಟ್ಟೆ ಬೋಳಿಸಿ ಸ್ಕ್ಯಾನ್ ಮಾಡಿಸಿದರೆ ಅರ್ಧ ಗಂಟೆಯ ಕೆಲಸ.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಹತ್ತಿಯ ಜೊತೆ ಹುಟ್ಟಿದವರಲ್ಲಿ ಇಬ್ಬರ ವಿಳಾಸ ನನ್ನ ಹತ್ತಿರ ಇತ್ತು, ಬರೆದು ಕೇಳಿದೆ. ದರ್ಜಿಯ ಮನೆಯ ಬೆಕ್ಕು ಗುಂಡುಕಲ್ಲಿನ ಹಾಗಿದೆಯಂತೆ. ಹಲ್ಲಿನ ಡಾಕ್ಟರ ಮನೆಯದು ಹೋದ ವರ್ಷ ಸತ್ತಿತಂತೆ. ಐದೇ ವರ್ಷಕ್ಕೆ, ಮೂತ್ರಪಿಂಡ ಕೆಟ್ಟು.

ಚೂಟಿ


ಫೆಬ್ರವರಿ 8

ಚೂಟಿ,

ನನ್ನ ಬೆನ್ನ ಹಿಂದೆ ನನ್ನ ಮರಿಗಳನ್ನು ಕೊಂಡವರಿಗೆಲ್ಲ ಕಾಗದ ಬರೆಯುವಷ್ಟು ದೊಡ್ಡವಳಾದೆಯಾ? ಹಲ್ಲಿನ ಡಾಕ್ಟರು ನೆನ್ನೆ ಪಾರ್ಲರಿಗೇ ಬಂದಿದ್ದರು. ಗಿರಾಕಿಗಳ ಎದುರು, ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ, "ನೀವು ಮಾರಿದ ಮರಿಗೆ ಹುಟ್ಟುಕಾಯಿಲೆ ಇತ್ತಂತಲ್ಲಾ" ಎಂದು ಕೇಳಿದರು. ನನ್ನ ಕೈಯಲ್ಲಿ ಕತ್ತರಿ ಇತ್ತು. ಕುರ್ಚಿಯಲ್ಲಿದ್ದ ಹುಡುಗಿಯ ಕೂದಲು ಒಂದು ಬೆರಳಷ್ಟು ಹೆಚ್ಚು ಹೋಯಿತು.

ಇಪ್ಪತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಟ್ಟಿದ ವಂಶ ಇದು. ನಿಮ್ಮಣ್ಣನೂ ನಾನೂ ಮಕ್ಕಳಿಲ್ಲ ಎಂದು ಅತ್ತವರಲ್ಲ, ಇವುಗಳನ್ನೇ ಎತ್ತಿ ಆಡಿಸಿದವರು. ದೊರೆ ಗೆದ್ದ ಒಂಬತ್ತು ಬಿರುದಿನ ರಿಬ್ಬನ್‌ಗಳು ಇನ್ನೂ ಗೋಡೆಯ ಮೇಲಿವೆ. ಅವನು ಸತ್ತದ್ದು ಶೀತ ಹಿಡಿದು. ಆಗಲೇ ಹೇಳಿದ್ದೆ ನಿನಗೆ.

ಹತ್ತಿಗೆ ಊಟ ಬೆಚ್ಚಗೆ ಮಾಡಿ ಹಾಕು. ತಣ್ಣಗಿದ್ದರೆ ವಾಸನೆ ಬರದೆ ಬೆಕ್ಕುಗಳು ತಿನ್ನದೆ ಬಿಡುತ್ತವೆ. ಕಿವಿಯ ಹಿಂದಿನ ಕೂದಲು ಗಂಟು ಕಟ್ಟದಂತೆ ನೋಡಿಕೋ.

ಅತ್ತಿಗೆ


ಫೆಬ್ರವರಿ 14

ಅತ್ತಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹಲ್ಲಿನ ಡಾಕ್ಟರು ಇದ್ದಾರೆ, ರಿಬ್ಬನ್ ಇದೆ, ಕಿವಿಯ ಹಿಂದಿನ ಗಂಟೂ ಇದೆ. ನಾನು ಕೇಳಿದ್ದಕ್ಕೆ ಉತ್ತರ ಮಾತ್ರ ಇಲ್ಲ.

ಹಾಗಾದರೆ ನಾನೇ ಹೇಳುತ್ತೇನೆ. ಬೋಳಿಸಿರಲಿಲ್ಲ. ಅಣ್ಣ ಕಣ್ಣಿಗೆ ಕಾಣದ್ದನ್ನು ಸ್ವಚ್ಛ ಎಂದು ಬರೆದ. ಚಿಕ್ಕಂದಿನಲ್ಲಿ ನಾನು ಡ್ರಾಯಿಂಗಿನಲ್ಲಿ ಒಂದು ಗೆರೆ ಅಂದಾಜಿಗೆ ಎಳೆದರೆ ಅಳಿಸಿ ಮತ್ತೆ ಅಳತೆಪಟ್ಟಿ ಇಟ್ಟು ಎಳೆಸುತ್ತಿದ್ದ ಅಣ್ಣ, ಬಿರುದಿನ ಆಸೆಗೆ ಸುಳ್ಳು ಬರೆದ. ಅವನ ಸುಳ್ಳು ಈಗ ನನ್ನ ತೊಡೆಯ ಮೇಲೆ ಮಲಗಿದೆ. ಹತ್ತಿಯ ಬಾಯಿಯಿಂದ ಕೆಟ್ಟ ವಾಸನೆ ಬರುತ್ತಿದೆ, ಒಂದು ಚಮಚ ಊಟಕ್ಕೆ ಅರ್ಧ ಗಂಟೆ ಬೇಕು.

ಯುವರಾಜ ಅಲ್ಲಿಗೆ ಹೋದರೆ ಹನ್ನೊಂದು ಬೆಕ್ಕಿಗೆ ಎಷ್ಟು ಮರಿ, ಅದರಲ್ಲಿ ಅರ್ಧ ಎಷ್ಟು, ನಿಮಗೆ ಲೆಕ್ಕ ಬರುತ್ತದೆ. ಮಾರ್ಚ್ 20ರೊಳಗೆ ಅವನ ಹೊಟ್ಟೆ ಬೋಳಿಸಿ ನೋಡಿಸಿ. ಇಲ್ಲದಿದ್ದರೆ ಆ ದಂಪತಿಗೆ ನಾನೇ ಬರೆಯುತ್ತೇನೆ. ಬೆನ್ನ ಹಿಂದೆ ಅಲ್ಲ, ನಿಮಗೆ ಹೇಳಿಯೇ ಬರೆಯುತ್ತೇನೆ.

ಚೂಟಿ


ಮಾರ್ಚ್ 3

ಅತ್ತಿಗೆ,

ನಿಮ್ಮಿಂದ ಕಾಗದ ಬಂದು ಮೂರು ವಾರದ ಮೇಲಾಯಿತು. ಕೋಪ ಇದ್ದರೆ ಬೈದು ಬರೆಯಿರಿ, ಓದುತ್ತೇನೆ. ನೀವು ಸುಮ್ಮನಿದ್ದರೆ ಏನು ಅರ್ಥ ಮಾಡಿಕೊಳ್ಳಬೇಕೋ ನನಗೆ ತಿಳಿಯುವುದಿಲ್ಲ.

ಇಲ್ಲಿ ಎಲ್ಲ ಹಾಗೇ ಇದೆ. ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ. ಗಾಜಿನ ಮೇಲೆ ಕೂದಲು ಎಂದು ಮೇಸ್ತ್ರಿ ಗೊಣಗುವುದನ್ನು ನಿಲ್ಲಿಸಿದ್ದಾರೆ, ಅದೊಂದು ಸಮಾಧಾನ. ಹತ್ತಿ ಈಗ ನೀರು ಕೇಳುವುದಿಲ್ಲ. ಸೂಜಿಯೂ ನಿಂತಿದೆ.

20ನೇ ತಾರೀಖು ನೆನಪಿರಲಿ.

ಚೂಟಿ


ಮಾರ್ಚ್ 8

ಚೂಟಿ,

ನೋಡಿದೆಯಾ, ನಾನು ಹೇಳಿರಲಿಲ್ಲವೇ? ಬೆಚ್ಚಗಿನ ಊಟ ಹಾಕಿದ ಮೇಲೆ ತಾನಾಗಿ ಸುಧಾರಿಸಿಕೊಂಡಳು. ನೀರು ಕೇಳುವುದನ್ನು ಬಿಟ್ಟಳು ಎಂದರೆ ಮೂತ್ರಪಿಂಡ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಇಬ್ಬರು ಡಾಕ್ಟರೂ ಸೇರಿ ನಿನ್ನನ್ನು ಸುಮ್ಮನೆ ಹೆದರಿಸಿದರು. ಆ ಹೆದರಿಕೆಯಲ್ಲಿ ನೀನು ಸತ್ತ ಅಣ್ಣನ ಬಗ್ಗೆ ಏನೇನು ಬರೆದೆ ಎಂಬುದನ್ನು ಇನ್ನೊಮ್ಮೆ ಕೂತು ಯೋಚಿಸು.

ನಾನು ಕಾಗದ ಬರೆಯದೆ ಇದ್ದದ್ದು ಕೋಪಕ್ಕಲ್ಲ. ಏನು ಬರೆಯಬೇಕೆಂದು ಗೊತ್ತಾಗಲಿಲ್ಲ. ಈಗ ಆ ತೊಂದರೆ ಇಲ್ಲ.

ಯುವರಾಜ 28ಕ್ಕೆ ಹೊರಡುತ್ತಾನೆ. ಹತ್ತಿಗೆ ಹೊಸ ಬ್ರಶ್ ಕಳಿಸಿದ್ದೇನೆ, ಮೆತ್ತನೆಯದು. ಹೊಟ್ಟೆಯ ಕೂದಲು ಮತ್ತೆ ಬರುವಾಗ ತುರಿಕೆ ಆಗುತ್ತದೆ, ಅಲ್ಲಿ ನಿಧಾನವಾಗಿ ಬಾಚು.

ಅತ್ತಿಗೆ


ಮಾರ್ಚ್ 13

ಅತ್ತಿಗೆ,

ಬ್ರಶ್ ಬಂತು. ಕಪಾಟಿನಲ್ಲಿಟ್ಟಿದ್ದೇನೆ.

ಆ ದಂಪತಿಗೆ ಬರೆದ ಕಾಗದ ನನ್ನ ಮೇಜಿನ ಮೇಲಿದೆ. ಲಕೋಟೆ ಅಂಟಿಸಿ ಆಗಿದೆ. 20ರ ಸಂಜೆವರೆಗೂ ಕಾಯುತ್ತೇನೆ, 21ರ ಬೆಳಿಗ್ಗೆ ಅಂಚೆಗೆ ಹಾಕುತ್ತೇನೆ. ಹತ್ತಿಯ ಬಗ್ಗೆ ಇನ್ನು ಕೇಳಬೇಡಿ. ನಾನು ಕೇಳುತ್ತಿರುವುದು ಯುವರಾಜನ ಬಗ್ಗೆ.

ಚೂಟಿ


ಮಾರ್ಚ್ 19

ಚೂಟಿ, ನನ್ನ ಕಂದ,

ಈ ಕಾಗದವನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಸಂಜೆಯೊಳಗೆ ನಿನ್ನ ಕೈ ಸೇರುತ್ತದೆ. ಉದ್ದವಾಗುತ್ತದೆ, ಕೂತುಕೊಂಡು ಓದು.

ಇವತ್ತು ಬೆಳಿಗ್ಗೆ ಪಾರ್ಲರಿನ ಬಾಗಿಲು ಹಾಕಿಕೊಂಡು, ಗಿರಾಕಿಗಳ ಕುರ್ಚಿಯ ಮೇಲೇ ಯುವರಾಜನನ್ನು ಮಲಗಿಸಿ, ಅವನ ಹೊಟ್ಟೆಯ ಕೂದಲನ್ನು ನಾನೇ ಮೆಷಿನ್ನಿನಿಂದ ತೆಗೆದೆ. ಒಳ್ಳೆಯ ಬುದ್ಧಿ ಬಂದು ಮಾಡಿದ್ದಲ್ಲ. ನಿನ್ನ ಬಾಯಿ ಮುಚ್ಚಿಸಬೇಕು ಎಂಬ ಹಟಕ್ಕೆ ಮಾಡಿದ್ದು. ಮೂವತ್ತು ವರ್ಷ ಜನರ ಕೂದಲು ತೆಗೆದ ಕೈ, ನಾಲ್ಕು ಸಲ ನಿಲ್ಲಿಸಬೇಕಾಯಿತು. ಆ ಕೂದಲು ನೆಲದ ಮೇಲೆ ಬಿದ್ದಾಗ ನನ್ನ ಮಾನ ಬಿದ್ದ ಹಾಗೆ ಅನ್ನಿಸಿತು. ನಗಬೇಡ.

ಅಲ್ಲಿಂದ ಸ್ಕ್ಯಾನಿಗೆ ಹೋದೆ. ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿ, "ಎರಡೂ ಚೆನ್ನಾಗಿದೆ ಅಮ್ಮ, ಒಂದು ಗುಳ್ಳೆನೂ ಇಲ್ಲ. ಬೇಕಿದ್ರೆ ಕೆನ್ನೆಯದೂ ಕಳಿಸಿ, ಆದರೆ ನನಗೇನೂ ಅನುಮಾನ ಇಲ್ಲ" ಎಂದರು. ಅವನು ಸ್ವಚ್ಛ, ಚೂಟಿ. ಅರ್ಧಕ್ಕೆ ಬರುತ್ತದೆ, ಅರ್ಧಕ್ಕೆ ಬರುವುದಿಲ್ಲ ಎಂದು ನೀನೇ ಬರೆದಿದ್ದೆಯಲ್ಲ. ಇವನಿಗೆ ಬಂದಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ನಿನಗೆ ಏನು ಬರೆಯಬೇಕೆಂದು ಹೊಂದಿಸಿಕೊಳ್ಳುತ್ತಿದ್ದೆ. "ನೋಡು, ಸ್ವಚ್ಛ. ಇನ್ನು ಸುಮ್ಮನಿರು." ಎರಡೇ ಸಾಲು. ಯುವರಾಜ ಹೋಗಲಿ, ದೊರೆಯ ವಿಷಯ ಅಲ್ಲಿಗೇ ಮಣ್ಣಾಗಲಿ, ಯಾರೂ ಏನೂ ಕೇಳುವುದಿಲ್ಲ ಎಂದುಕೊಂಡೆ.

ವಿಳಾಸ ಬರೆಯಲು ನಿನ್ನ ಲಕೋಟೆಗಳನ್ನು ತೆಗೆದೆ. ಐದೂ ಮೇಜಿನ ಮೇಲಿದ್ದವು. ಜನವರಿಯ ಎರಡರಲ್ಲಿ, ಫೆಬ್ರವರಿಯ ಒಂದರಲ್ಲಿ ಅಂಟಿನೊಳಗೆ ಬಿಳಿ ಕೂದಲು ಸಿಕ್ಕಿಕೊಂಡಿತ್ತು. ಮಾರ್ಚ್ ತಿಂಗಳ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಕನ್ನಡಕ ಹಾಕಿಕೊಂಡು ಮತ್ತೆ ಹಿಡಿದೆ. ಒಂದು ಎಳೆಯೂ ಇಲ್ಲ. ಆಮೇಲೆ ನಿನ್ನ ಮಾತುಗಳನ್ನು ಮತ್ತೆ ಓದಿದೆ. ಮೇಸ್ತ್ರಿ ಗೊಣಗುತ್ತಿಲ್ಲ. ನೀರು ಕೇಳುವುದಿಲ್ಲ. ಬ್ರಶ್ ಕಪಾಟಿನಲ್ಲಿದೆ. ನಾನು ಎಂಥ ಪೆದ್ದಿ, ಸತ್ತ ಬೆಕ್ಕಿಗೆ ಬ್ರಶ್ ಕಳಿಸಿ ಬಾಚುವುದು ಹೇಗೆಂದು ಪಾಠ ಹೇಳಿದೆ.

ನೀನು ಹೇಳಲಿಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ನಾನು ಹೇಳದೆ ಇದ್ದದ್ದು ನೆನಪಾಯಿತು.

ಬೋಳಿಸಿರಲಿಲ್ಲ. ದೊರೆಯ ಪ್ರದರ್ಶನಕ್ಕೆ ಇಪ್ಪತ್ತು ದಿನ ಇತ್ತು. ಅಂದಿನ ಡಾಕ್ಟರು ಮೆಷಿನ್ ಕೈಗೆತ್ತಿಕೊಂಡಾಗ ಅಡ್ಡ ನಿಂತವಳು ನಾನು. "ಮತ್ತೆ ಬೆಳೆಯುತ್ತಲ್ಲೇ, ಬಿಡು" ಎಂದರು ನಿಮ್ಮಣ್ಣ. ನಾನು ಬಿಡಲಿಲ್ಲ. ಸ್ಪಿರಿಟ್ ಹಚ್ಚಿ, ನನ್ನ ಬಾಚಣಿಗೆಯಿಂದಲೇ ಕೂದಲನ್ನು ಪಕ್ಕಕ್ಕೆ ಸರಿಸಿ, ಮೇಲ್ಮೇಲೆ ನೋಡಿದ್ದು. "ಮಬ್ಬಾಗಿದೆ. ಕಾಣೋಷ್ಟರಲ್ಲಿ ಏನೂ ಇಲ್ಲ, ಪ್ರದರ್ಶನ ಮುಗಿಸ್ಕೊಂಡು ಬನ್ನಿ" ಎಂದರು ಡಾಕ್ಟರು. ಸ್ವಚ್ಛ ಎಂದು ಬರೆಯಿರಿ ಎಂದು ನಾನು ನಿಮ್ಮಣ್ಣನ ತಲೆ ತಿಂದೆ. ಬರೆದರು. ಅದರ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಬರೆದರು: "ಕೂದಲು ತೆಗೆದಿಲ್ಲ. ಪ್ರದರ್ಶನದ ನಂತರ ಮತ್ತೆ ನೋಡಿಸಬೇಕು."

ಅದರ ನಂತರ ಇನ್ನೊಂದು ಪ್ರದರ್ಶನ ಬಂತು, ಆಮೇಲೆ ಮತ್ತೊಂದು. ಒಂಬತ್ತು ರಿಬ್ಬನ್ ಅಂದೆನಲ್ಲ, ಅಷ್ಟೂ ಸಲ "ಇದು ಮುಗೀಲಿ" ಎಂದಿದ್ದೇನೆ. ಮೊದಲ ಮರಿ ಮಾರಿದ ದಿನ ರಬ್ಬರ್ ತೆಗೆದುಕೊಂಡು ಆ ಪೆನ್ಸಿಲ್ ಸಾಲನ್ನು ಅಳಿಸಿದೆ. ನಿಮ್ಮಣ್ಣ ಪೆನ್ಸಿಲ್ ಒತ್ತಿ ಬರೆಯುವವರು. ಪುಟವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಈಗಲೂ ಪ್ರತಿ ಅಕ್ಷರದ ತಗ್ಗು ಕಾಣುತ್ತದೆ. ಜೆರಾಕ್ಸಿನಲ್ಲಿ ಅದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ದೊರೆ ಸತ್ತದ್ದು ಶೀತದಿಂದಲ್ಲ. ಕೊನೆಯ ಎರಡು ತಿಂಗಳು ಬಚ್ಚಲಿನ ನಲ್ಲಿಯ ಕೆಳಗೇ ಮಲಗುತ್ತಿದ್ದ. ಮರಿ ಕೊಂಡವರಿಗೆಲ್ಲ ಬರೆಯೋಣ ಎಂದು ನಿಮ್ಮಣ್ಣ ಎರಡು ಸಲ ಹೇಳಿದರು. ನಾನು ಮುಖ ತಿರುಗಿಸಿದೆ. ಆರು ತಿಂಗಳಿಗೆ ಅವರೂ ಹೋದರು, ಮಾತು ಅಲ್ಲಿಗೇ ನಿಂತಿತು. ಅವರು ಸುಳ್ಳು ಬರೆದರು ಎಂದು ನೀನು ಬರೆದಾಗ, ಅಲ್ಲ ಎಂದು ಹೇಳಲು ನನಗೆ ಒಂದೇ ಒಂದು ಕಾರ್ಡು ಸಾಕಾಗಿತ್ತು. ಸತ್ತವರ ತಲೆಗೆ ಕಟ್ಟಿದರೆ ನಾನು ಪಾರಾಗುತ್ತೇನೆ ಎಂದು ಮೂರು ವಾರ ಸುಮ್ಮನೆ ಕೂತಿದ್ದೆ. ನಿನ್ನ ಅಣ್ಣನನ್ನು ನಿನಗೆ ವಾಪಸ್ ಕೊಡುತ್ತಿದ್ದೇನೆ. ಅವರದೇನೂ ತಪ್ಪಿಲ್ಲ, ಹೆಂಡತಿಯ ಮಾತು ಕೇಳಿದ್ದು ಬಿಟ್ಟರೆ.

ದೊರೆಯ ಮರಿಗಳು ಇಪ್ಪತ್ತೇಳು ಮನೆಗಳಲ್ಲಿವೆ. ಮಧ್ಯಾಹ್ನದಿಂದ ಕೂತು ಆರು ಮನೆಗೆ ಬರೆದಿದ್ದೇನೆ, ಮೊದಲನೆಯದು ಹಲ್ಲಿನ ಡಾಕ್ಟರಿಗೆ. ಆ ದಂಪತಿಗೂ ಎಲ್ಲ ತಿಳಿಸಿ ಬರೆದೆ. ಮಗ ಸ್ವಚ್ಛ, ಅಪ್ಪ ಅಲ್ಲ, ಅಪ್ಪನೂ ಸ್ವಚ್ಛ ಎಂದು ನಾನು ಬರೆದುಕೊಟ್ಟಿದ್ದ ಕಾಗದ ಸುಳ್ಳು, ಇಷ್ಟಾದ ಮೇಲೂ ಅವನು ಬೇಕೋ ಬೇಡವೋ ಅವರೇ ಹೇಳಲಿ ಎಂದು. ನಿನ್ನ ಮೇಜಿನ ಮೇಲಿನ ಕಾಗದವನ್ನು ಹಾಕುವುದಾದರೆ ಹಾಕು, ನಾನು ಬೇಡ ಎನ್ನುವುದಿಲ್ಲ.

ಪುಸ್ತಕದಲ್ಲಿ ದೊರೆಯ ಪುಟದ ಆ ತಗ್ಗುಗಳ ಮೇಲೆ ಶಾಯಿಯಿಂದ ತಿದ್ದಿದ್ದೇನೆ. ಈಗ ನಿಮ್ಮಣ್ಣ ಬರೆದದ್ದು ಪೂರ್ತಿ ಓದಲು ಬರುತ್ತದೆ. ಹತ್ತಿಯ ಸಾಲಿನಲ್ಲಿ ಕೊನೆಯ ಕಾಲಂ, ಹೋದ ದಿನದ್ದು, ಖಾಲಿ ಇದೆ. ಯಾವ ದಿನ ಎಂದು ಬರೆ. ಬರೆಯಲು ಮನಸ್ಸಿಲ್ಲದಿದ್ದರೆ ಬೇಡ.

ನಿನ್ನ ಅತ್ತಿಗೆ


ಮಾರ್ಚ್ 24

ಪ್ರೀತಿಯ ಅತ್ತಿಗೆ,

ಫೆಬ್ರವರಿ 22, ಶನಿವಾರ, ಮಧ್ಯಾಹ್ನ ಎರಡೂಕಾಲು. ತೂಕ ಎರಡು ಕಿಲೋಗಿಂತ ಸ್ವಲ್ಪ ಕಡಿಮೆ. ನನ್ನ ಮೊಣಕೈಯೊಳಗೆ ಮುಖ ಇಟ್ಟುಕೊಂಡೇ ಇದ್ದಳು.

ನಿಮಗೆ ಹೇಳದೆ ಇದ್ದದ್ದಕ್ಕೆ ಕಾರಣ ಇದೆ. ಹೇಳಿದ್ದರೆ ನೀವು ಅಳುತ್ತಿದ್ದಿರಿ, ನಾನೂ ಅಳುತ್ತಿದ್ದೆ, ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡುವಷ್ಟರಲ್ಲಿ ಯುವರಾಜ ಪೆಟ್ಟಿಗೆ ಹತ್ತಿರುತ್ತಿದ್ದ. ಅಣ್ಣನ ವಿಷಯಕ್ಕೆ ನನಗೆ ನಿಮ್ಮ ಮೇಲೆ ಇನ್ನೂ ಕೋಪ ಇದೆ. ಅದು ಇಳಿಯಲು ಸ್ವಲ್ಪ ದಿನ ಬೇಕು. ಮೇಜಿನ ಮೇಲಿದ್ದ ಕಾಗದವನ್ನು ಹರಿದು ಹಾಕಿದೆ. ಶನಿವಾರದ ಬಸ್ಸಿಗೆ ಬರುತ್ತೇನೆ, ಉಳಿದ ಇಪ್ಪತ್ತೊಂದು ಮನೆಗೆ ಇಬ್ಬರೂ ಕೂತು ಬರೆಯೋಣ. ನಿಮ್ಮ ಅಕ್ಷರ ಯಾರಿಗೂ ಅರ್ಥವಾಗುವುದಿಲ್ಲ.

ಪುಸ್ತಕದಲ್ಲಿ ಅವಳ ಸಾಲಿನಲ್ಲಿ ಇನ್ನೊಂದನ್ನೂ ಸೇರಿಸಿ, ಶಾಯಿಯಲ್ಲಿ. ಹೊಟ್ಟೆಯ ಕೂದಲು ತೆಗೆಸಿ ನೋಡಲಾಗಿತ್ತು. ಅದು ಮತ್ತೆ ಬೆಳೆಯುವಷ್ಟು ದಿನ ಅವಳು ಇರಲಿಲ್ಲ.

ಚೂಟಿ